ದಿನದ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಗೇರ್‌ಬಾಕ್ಸ್, ಚೇಂಬರ್, ಕಾಗದಪತ್ರ

ಪ್ರಶ್ನೆ: ಸರ್, ನಾನು ದಿನಾ ಧಾರವಾಡದಿಂದ ಹುಬ್ಬಳ್ಳಿ ಗೋಕುಲ ರೋಡಿಗೆ ಕೆಲಸಕ್ಕ ಹೋಗಿ ಬರ್ತೀನ್ರಿ. ಮನ್ಯಾಗ ಅಪ್ಪಾಜಿ, ಅವ್ವ, ಹೆಂಡತಿ, ಸಣ್ಣ ಕೂಸು ಅದಾರ. ಒಂಬತ್ತು ಲಕ್ಷದೊಳಗ ಒಳ್ಳೆ ಪಿಕಪ್ ಇರೋ ಹಳೇ ಗಾಡಿ ತಗೋಬೇಕಂತ ಆಸೆ. ಪೋಲೊ ಜಿಟಿ, ಅಬಾರ್ಥ್ ಪುಂಟೊ, ಐ20 ಎನ್ ಲೈನ್, ಆಕ್ಟೇವಿಯಾ 1.8 ಇಷ್ಟು ನೋಡೀನಿ. ಯಾವ್ದು ತಗೊಳ್ಳಲಿ ಹೇಳ್ರಿ.
– ಸಪ್ತಾಪುರ, ಧಾರವಾಡ

ಉತ್ತರ: ಮೊದಲು ನಿಮ್ಮ ರಸ್ತೆ ನೋಡೋಣ, ಆಮೇಲೆ ಗಾಡಿ. ಹೋಗಿ ಬರುವುದು ಸೇರಿ ದಿನಕ್ಕೆ ಸುಮಾರು 40 ಕಿ.ಮೀ. ಎರಡೂ ಊರಿನ ನಡುವಿನ ಚಿಗರಿ ಬಸ್ಸು ತನಗೇ ಮೀಸಲಾದ ನಡುವಿನ ಪಥದಲ್ಲಿ ಓಡುತ್ತದೆ, ಉಳಿದವರಿಗೆಲ್ಲ ಪಕ್ಕದ ಪಥ. ಬೆಳಗ್ಗೆ ನವನಗರ ದಾಟಿ ಉಣಕಲ್, ವಿದ್ಯಾನಗರ, ಹೊಸೂರು ಬರುವವರೆಗೆ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಒಂದನೇ, ಎರಡನೇ ಗೇರಿನಲ್ಲೇ ತೆವಳಬೇಕು. ಇಂಥ ಓಟದಲ್ಲಿ ಎಂಜಿನ್‌ಗಿಂತ ಮೊದಲು ದಣಿಯುವುದು ಗೇರ್‌ಬಾಕ್ಸ್. ಹಾಗಾಗಿ ಆಯ್ಕೆ ಅಲ್ಲಿಂದಲೇ ಶುರುವಾಗಲಿ.

2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ 1.2 (105 ಪಿಎಸ್, ಅಂದರೆ ಅಶ್ವಶಕ್ತಿ) ಮತ್ತು ಆಕ್ಟೇವಿಯಾ 1.8 ಟಿಎಸ್‌ಐ (180 ಪಿಎಸ್) ಎರಡರಲ್ಲೂ ಇರುವುದು ಏಳು ಗೇರಿನ ಒಂದೇ ಜಾತಿಯ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಗ್ಯಾರೇಜಿನವರು ಇದನ್ನು ಡಿಕ್ಯೂ200 ಎನ್ನುತ್ತಾರೆ. ಇದರ ಎರಡು ಕ್ಲಚ್ಚುಗಳೂ ಒಣ ಕ್ಲಚ್ಚುಗಳು, ತಂಪು ಮಾಡಲು ಆಯಿಲ್ ಇಲ್ಲ. ನೀವು ಬ್ರೇಕ್ ಅರ್ಧ ಬಿಟ್ಟು ಇಂಚಿಂಚು ಮುಂದೆ ಸರಿದಂತೆಲ್ಲ ಕ್ಲಚ್ ಜಾರಿ ಬಿಸಿಯಾಗುತ್ತದೆ. ಕೆಲವು ವರ್ಷ ಹೀಗೇ ನಡೆದರೆ ಒಂದರಿಂದ ಎರಡಕ್ಕೆ ಹೋಗುವಾಗ ಗಾಡಿ ಗಡಗಡ ನಡುಗುತ್ತದೆ. ಅದಕ್ಕಿಂತ ದೊಡ್ಡ ಖರ್ಚು ಮೆಕಾಟ್ರಾನಿಕ್ ಎಂಬ ಭಾಗದ್ದು. ಗೇರ್ ಬದಲಿಸುವ ಪಂಪು, ವಾಲ್ವು, ಕಂಪ್ಯೂಟರ್ ಮೂರೂ ಅದರೊಳಗೇ ಇರುತ್ತವೆ. ಒಳಗಿನ ಆಯಿಲ್ ಒತ್ತಡ ಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ಮಿನುಗಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹೊಸದು ಹಾಕಿಸಿದರೆ ಲಕ್ಷ ದಾಟುತ್ತದೆ. ಆಕ್ಟೇವಿಯಾ ಓಡಿಸಲು ಬಹಳ ಹಿತ, ಅಪ್ಪಾಜಿ, ಅವ್ವನಿಗೆ ಕೂರಲೂ ಅನುಕೂಲ. ಆದರೂ ನಿಮ್ಮ ರಸ್ತೆಗೆ, ನಿಮ್ಮ ಬಜೆಟ್ಟಿಗೆ ಅದು ಬೇಡ. ಆ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) 250 ನ್ಯೂಟನ್ ಮೀಟರ್. ಈ ಗೇರ್‌ಬಾಕ್ಸ್ ತಾಳುವ ಮಿತಿಯೂ ಅಷ್ಟೇ.

ಅಬಾರ್ಥ್ ಪುಂಟೊ (2015ರಲ್ಲಿ ಬಂದದ್ದು) ಈ ನಾಲ್ಕರಲ್ಲಿ ನಿಜವಾದ ಸ್ಪೋರ್ಟ್ಸ್ ಸ್ವಭಾವದ ಗಾಡಿ. 1.4 ಲೀಟರ್ ಟರ್ಬೊ, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಐದು ಗೇರಿನ ಮ್ಯಾನ್ಯುವಲ್, ಗಟ್ಟಿಮುಟ್ಟು. ತೊಂದರೆ ಬಿಡಿಭಾಗದ್ದು. ಫಿಯೆಟ್ 2019ರಲ್ಲಿ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಎಂಜಿನ್ನಿಗೆ ಬೇಕಾದ ಬೆಲ್ಟು, ಫಿಲ್ಟರ್ ಸಿಗುತ್ತವೆ. ಬಂಪರ್, ಹೆಡ್‌ಲೈಟ್ ಒಡೆದರೆ ವಾರಗಟ್ಟಲೆ ಕಾಯಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದವರಿಗೆ ಒಳ್ಳೆಯದು. ಇರುವುದು ಇದೊಂದೇ ಆದರೆ ಬೇಡ.

ನಿಮಗೆ ಉಳಿಯುವುದು ಎರಡು. ಆಟೊಮ್ಯಾಟಿಕ್ ಬೇಕೆಂದರೆ 2020ರಿಂದ 2022ರ ನಡುವಿನ ಪೋಲೊ ಜಿಟಿ 1.0 ಟಿಎಸ್‌ಐ (110 ಪಿಎಸ್). ಆ ವರ್ಷಗಳಲ್ಲಿ ಡಿಎಸ್‌ಜಿ ಬಿಟ್ಟು ಆರು ಗೇರಿನ ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಬಲ ದಾಟಿಸುವ ಆಟೊಮ್ಯಾಟಿಕ್) ಹಾಕಿದರು. ಟ್ರಾಫಿಕ್ಕಿನಲ್ಲಿ ತೆವಳುವುದು ಅದಕ್ಕೆ ಕಷ್ಟವೇ ಅಲ್ಲ. ಹಿಂದಿನ ಸೀಟು ಇಕ್ಕಟ್ಟು ಎನ್ನಿಸಿದರೆ 2021ರಿಂದ ಬಂದ ಐ20 ಎನ್ ಲೈನ್: 120 ಪಿಎಸ್, ಹಿಂದೆಯೂ ಡಿಸ್ಕ್ ಬ್ರೇಕ್, ಒಳಗೆ ಜಾಗ ಜಾಸ್ತಿ. ಅದರ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸೂ ಒಣ ಕ್ಲಚ್ಚಿನದೇ, ಆದ್ದರಿಂದ ಕ್ಲಚ್ ಪೆಡಲ್ ಇಲ್ಲದ, ಗೇರ್ ಮಾತ್ರ ಕೈಯಲ್ಲೇ ಬದಲಿಸುವ ಐಎಂಟಿ ನೋಡಿ. ಐದು ಜನರ ಮನೆ ಅಂದಿರಿ, ನಾನು ಎನ್ ಲೈನ್ ಐಎಂಟಿ ಅಂತಲೇ ಹೇಳುತ್ತೇನೆ. ಒಂಬತ್ತು ಲಕ್ಷವನ್ನೂ ಗಾಡಿಗೇ ಸುರಿಯಬೇಡಿ. ಏಳೂವರೆಯ ಆಸುಪಾಸಿನಲ್ಲಿ ವ್ಯವಹಾರ ಮುಗಿಸಿ, ಉಳಿದದ್ದನ್ನು ಮೊದಲ ವರ್ಷದ ಟೈರು, ಬ್ಯಾಟರಿ, ಬುಷ್ಷು (ಸಸ್ಪೆನ್ಷನ್ನಿನ ರಬ್ಬರ್), ಇನ್ಶೂರೆನ್ಸಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಮಹಾರಾಷ್ಟ್ರ ಪಾಸಿಂಗ್ ಇರುವ 2012ರ ಬಿಎಂಡಬ್ಲ್ಯು ಝಡ್4 ಒಂದು ಕಡಿಮೆ ದರಕ್ಕೆ ಬಂದಿದೆ. ಗದಗದಲ್ಲೇ ಓಡಿಸಬೇಕು, ತಿಂಗಳಿಗೆ ಎರಡು ಸಲ ನರಗುಂದ, ಹುಬ್ಬಳ್ಳಿ. ತೆಗೆದುಕೊಳ್ಳಬಹುದೇ?
– ಗದಗ

ಉತ್ತರ: ಬೇಡ. ಕಾರಣ ಮೂರು, ಮೂರೂ ದುಡ್ಡಿಗೆ ಸಂಬಂಧಿಸಿದ್ದು.

ಒಂದು, ಹಂಪ್ಸ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಝಡ್4ರ ಎರಡು ಗಾಲಿಗಳ ನಡುವಿನ ಅಂತರ ಎರಡೂವರೆ ಮೀಟರ್. ಆ ಹಂಪ್ ಮೇಲೆ ಮುಂದಿನ, ಹಿಂದಿನ ಗಾಲಿ ಎರಡೂ ಒಟ್ಟಿಗೇ ಏರಿರುತ್ತವೆ, ಗಾಡಿಯ ಹೊಟ್ಟೆಯೂ ಜೊತೆಗೇ ಏಳುತ್ತದೆ. ಹೊಟ್ಟೆಯ ಕೆಳಗೆ ಕಡಿಮೆಯಾಗುವ ಜಾಗ ಐದು ಸೆಂ.ಮೀ. ಒಳಗೆ. ಆದರೆ ಊರ ಮುಂದೆ ಜನರೇ ಹಾಕಿಸಿಕೊಂಡ ಹಂಪ್ ಅರ್ಧ ಮೀಟರ್ ಅಗಲ, 15 ಸೆಂ.ಮೀ. ಎತ್ತರ ಇದ್ದರೆ ಗಾಲಿಗಳು ಆಚೆ ಈಚೆ ನೆಲದ ಮೇಲೆ, ಹಂಪ್ ನಟ್ಟನಡುವೆ. ಆ 15 ಸೆಂ.ಮೀ. ಪೂರ್ತಿ ಹೊಟ್ಟೆಗೇ ತಾಗುತ್ತದೆ. ಓರೆಯಾಗಿ ಹತ್ತಿಸಿದರೂ ಇಂಥಲ್ಲಿ ಎಲ್ಲ ಸಲ ಬಚಾವಾಗುವುದಿಲ್ಲ. ಇದರ ಮೇಲೆ ನರಗುಂದದ ಕಡೆಯ ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ, ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಅಂಚು ಕುಸಿದ ರಸ್ತೆಯಲ್ಲಿ ತಗ್ಗಾದ ಗಾಡಿ 60ರಲ್ಲೇ ತಳ ಬಡಿಯುತ್ತದೆ.

ಎರಡು, ಟೈರು. ಝಡ್4ಗೆ ರನ್‌ಫ್ಲಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು), ಸ್ಟೆಪ್ನಿ ಇಲ್ಲ. ಟೈರಿನ ಪಕ್ಕದ ಗೋಡೆ ಹರಿದರೆ ದಾರಿಯ ಪಂಕ್ಚರ್ ಅಂಗಡಿಯಲ್ಲಿ ಏನೂ ನಡೆಯುವುದಿಲ್ಲ, ಆ ಅಳತೆಯ ಟೈರು ಹೊರಗಿನಿಂದ ತರಿಸಬೇಕು.

ಮೂರು, ಕಾಗದ. ಹೊರ ರಾಜ್ಯದ ಗಾಡಿಗೆ ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಾಲವಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29 ಮತ್ತು 30. ಕೆಎ 26 ನಂಬರ್ ಪಡೆಯಲು ಕರ್ನಾಟಕದ ಲೈಫ್ ಟ್ಯಾಕ್ಸ್ ಹೊಸದಾಗಿ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ಅದು ಇಳಿಯುತ್ತದಾದರೂ, ಲೆಕ್ಕ ಹಿಡಿಯುವುದು ಹೊಸದಿದ್ದಾಗಿನ ದರದ ಮೇಲೆ. ನೀವು ಕೊಟ್ಟ ದರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಗ್ಗಕ್ಕೆ ಸಿಕ್ಕ ಖುಷಿ ಬಹುಪಾಲು ಅಲ್ಲೇ ಕರಗುತ್ತದೆ. 2012ರ ಗಾಡಿಗೆ 2027ರಲ್ಲಿ 15 ವರ್ಷ ತುಂಬುತ್ತದೆ, ಆಗ ಫಿಟ್‌ನೆಸ್ ಮಾಡಿಸಿ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದ ಪ್ರಕಾರ ವಿದೇಶದಲ್ಲೇ ತಯಾರಾಗಿ ಬಂದ ಕಾರಿಗೆ ಅದರ ಶುಲ್ಕ ₹40,000.

ಎರಡು ಬಾಗಿಲಿನ ಗಾಡಿಯೇ ಬೇಕೆಂಬ ಹಟವಿದ್ದರೆ, ಮೊದಲಿನಿಂದಲೂ ಕೆಎ ಪಾಸಿಂಗ್ ಇರುವ ಔಡಿ ಟಿಟಿ ಹುಡುಕಿ. ಅದರ ಆರು ಗೇರಿನ ಡಿಎಸ್‌ಜಿ ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ಚಿನದು. 60,000 ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿದ ಬಿಲ್ ತೋರಿಸಲೇಬೇಕು. ತಳ ಬಡಿಯುವ ಚಿಂತೆ ಮಾತ್ರ ಅಲ್ಲೂ ಇದ್ದದ್ದೇ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಒಂದು ಟರ್ಬೊ ಪೆಟ್ರೋಲ್ ಗಾಡಿ ನೋಡಲು ಹೊರಟಿದ್ದೇನೆ. ಪರಿಚಯದ ಮೆಕ್ಯಾನಿಕ್ ಇಲ್ಲ. ನಾನೇ ಏನೇನು ನೋಡಬೇಕು, ಯಾವ ಕ್ರಮದಲ್ಲಿ?
– ರಾಣೆಬೆನ್ನೂರು

ಉತ್ತರ: ಬೆಳಗ್ಗೆಯೇ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹಿಂದಿನ ರಾತ್ರಿಯೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಮೊದಲ ಸ್ಟಾರ್ಟಿನ ಸದ್ದು ನಿಮಗೆ ಕೇಳಿಸಬಾರದು ಅಂತಲೇ ಅರ್ಥ, ಇನ್ನೊಂದು ದಿನ ಬರುತ್ತೇನೆ ಅನ್ನಿ.

ತಣ್ಣಗಿದ್ದಾಗಲೇ ಬಾನೆಟ್ ತೆಗೆದು ಕೂಲಂಟ್ ಡಬ್ಬಿ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ವಾಟರ್ ಪಂಪಿನ ಸುತ್ತ ಗುಲಾಬಿ ಬಣ್ಣದ ಒಣ ಕಟ್ಟೆ ಕಂಡರೆ ಸೋರಿಕೆ. ಸ್ಕೋಡಾ, ಫೋಕ್ಸ್‌ವ್ಯಾಗನ್ 1.8 ಟಿಎಸ್‌ಐಗಳಲ್ಲಿ ಇದು ಪದೇಪದೇ ಬರುವ ಕಾಯಿಲೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಕೆನೆ ಅಂಟಿದ್ದರೆ ನೀರು ಸೇರಿರಬಹುದು. ಈಗ ಕಿಟಕಿ ಇಳಿಸಿ, ಎಸಿ ಆಫ್ ಮಾಡಿ ಸ್ಟಾರ್ಟ್ ಮಾಡಿಸಿ, ನೀವು ಬಾನೆಟ್ ಬಳಿ ನಿಲ್ಲಿ. ಮೊದಲ ಎರಡು ಮೂರು ಸೆಕೆಂಡು ಸರಪಳಿ ಅಲುಗಾಡಿಸಿದಂಥ ಕರಕರ ಸದ್ದು ಬಂದು ನಿಂತರೆ ಟೈಮಿಂಗ್ ಚೈನ್ ಸಡಿಲಾಗಿದೆ. ಹಳೆಯ 1.2 ಟಿಎಸ್‌ಐಗಳಲ್ಲಿ ಚೈನ್ ಇರುವ ಎಂಜಿನ್ನುಗಳಿಗೆ, 2007ರ ನಂತರದ ಕೆಲವು ವರ್ಷಗಳ ಮಿನಿ ಕೂಪರ್ ಎಸ್‌ಗೆ ಈ ರೋಗ ಗೊತ್ತಿದ್ದದ್ದೇ. ಚೈನ್ ಹಲ್ಲು ಜಾರಿದರೆ ವಾಲ್ವು, ಪಿಸ್ಟನ್ ಬಡಿದುಕೊಂಡು ಎಂಜಿನ್ ಬಿಚ್ಚುವ ಕೆಲಸ ಬೀಳುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಎಂಜಿನ್ ಬಿಸಿಯಾಗುವಷ್ಟರಲ್ಲಿ ಟೈರು ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರು ನೋಡಲು ಚೆನ್ನಾಗಿದ್ದರೂ ಜಿಟಿಜಿಟಿ ಮಳೆಯ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಟೈರಿನ ಒಳ ಅಂಚಿಗೆ ಬೆರಳು ಆಡಿಸಿ. ಹೊರಗೆ ಗೀರು ಆಳವಾಗಿದ್ದು ಒಳಗೆ ಬೋಳಾಗಿದ್ದರೆ ಲೋಯರ್ ಆರ್ಮಿನ ಬುಷ್ ಹೋಗಿದೆ, ಇಲ್ಲವೇ ಗಾಡಿ ಎಲ್ಲೋ ಜೋರಾಗಿ ಬಡಿದಿದೆ.

ನೆಲಕ್ಕೆ ಮಲಗಿ ಟಾರ್ಚ್ ಬಿಟ್ಟು ಚೇಂಬರ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ನೋಡುವುದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ತಗಡಿನ ಚೇಂಬರ್ ಬಡಿದರೆ ತಗ್ಗು ಬೀಳುತ್ತದೆ. ಅಲ್ಯೂಮಿನಿಯಂ ಎರಕದ್ದು ಸೀಳುತ್ತದೆ, ಕೂದಲೆಳೆಯಷ್ಟು ಬಿರುಕಿನಿಂದಲೂ ಆಯಿಲ್ ಜಿನುಗುತ್ತದೆ. ಎಂಸೀಲ್ ಮೆತ್ತಿದ ಗುರುತು, ಸುತ್ತ ಆಯಿಲಿಗೆ ಅಂಟಿದ ಕರಿಮಣ್ಣು ಕಂಡರೆ ಚೇಂಬರ್ ಒಡೆದ ಗಾಡಿ. ಆಯಿಲ್ ಇಲ್ಲದೆ ಎಷ್ಟು ದೂರ ಓಡಿತೋ ಯಾರಿಗೆ ಗೊತ್ತು. ಅದನ್ನು ಬಿಟ್ಟುಬಿಡಿ.

ನೀರಿನಲ್ಲಿ ಮುಳುಗಿದ ಗಾಡಿಯ ಬಗ್ಗೆಯೂ ಎಚ್ಚರ. 2019ರ ಆಗಸ್ಟ್ ನೆರೆಯಲ್ಲಿ ನಮ್ಮ ಭಾಗದಲ್ಲಿ ಎಷ್ಟೋ ವಾಹನ ಮುಳುಗಿದವು. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆಯಿರಿ. ಕೆಸರಿನ ಗೆರೆ ಮೇಲೆ ತೊಳೆದರೂ ಬೆಲ್ಟಿನ ಬುಡದಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಕೆಳಗೆ, ಸೀಟಿನ ಹಳಿಯ ಮೇಲೆ ತುಕ್ಕು, ಮಣ್ಣು ನೋಡಿ. ಪೇಂಟ್ ಅಳೆಯುವ ಮೀಟರ್ ಬಾಡಿಗೆಗೆ ಸಿಕ್ಕರೆ ಒಯ್ಯಿರಿ: ಕಂಪನಿ ಪೇಂಟ್ ಸುಮಾರು 90ರಿಂದ 150 ಮೈಕ್ರಾನ್, 200 ದಾಟಿದರೆ ಮತ್ತೆ ಬಣ್ಣ ಹೊಡೆದದ್ದು, 400ರ ಮೇಲಾದರೆ ಒಳಗೆ ಪುಟ್ಟಿ.

ಸ್ಕ್ಯಾನರ್ ಹಾಕಿಸಿದಾಗ ‘ಎರರ್ ಇಲ್ಲ’ ಎಂಬ ಮಾತಿಗೆ ಸಮಾಧಾನಪಡಬೇಡಿ, ರೆಡಿನೆಸ್ ಪುಟ (ಗಾಡಿಯ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ) ತೋರಿಸಿ ಅನ್ನಿ. ಎರರ್ ಅಳಿಸಿದರೆ ಆ ಪರೀಕ್ಷೆಗಳೆಲ್ಲ ‘ಅಪೂರ್ಣ’ ಎಂದು ಬರುತ್ತವೆ, ಮತ್ತೆ ಪೂರ್ತಿಯಾಗಲು ಹಲವು ಸಲ ಓಡಿಸಬೇಕು. ಹೆಚ್ಚಿನವು ಅಪೂರ್ಣ ಎಂದಿದ್ದರೆ ನಿನ್ನೆ ಮೊನ್ನೆ ಯಾರೋ ಅಳಿಸಿದ್ದಾರೆ, ಅಥವಾ ಬ್ಯಾಟರಿ ಕಳಚಿದ್ದಾರೆ. ಕಿ.ಮೀ. ತಿರುಗಿಸಿದ ಅನುಮಾನವಿದ್ದರೆ ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯೊಂದಿಗೆ ತಾಳೆ ನೋಡಿ.

ಓಡಿಸುವಾಗ ಮೊದಲು ಹಳೇ ಹುಬ್ಬಳ್ಳಿಯ ಒಳ ರಸ್ತೆ, ಕಿಟಕಿ ತೆರೆದು. ತಗ್ಗಿಗೆ ಇಳಿದಾಗ ಟಕ್ ಟಕ್ ಎಂದರೆ ಲಿಂಕ್ ರಾಡ್, ದಪ್ಪ ಸದ್ದಾದರೆ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್. ಆಮೇಲೆ ಹೆದ್ದಾರಿಗೆ ಹೋಗಿ, ಹಿಂದೆ ಗಾಡಿ ಇಲ್ಲದಾಗ 80ರಿಂದ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಸ್ಟೀರಿಂಗ್ ಅದುರಿದರೆ ಡಿಸ್ಕ್ ಸೊಟ್ಟಗಾಗಿದೆ. ಆಟೊಮ್ಯಾಟಿಕ್ ಗಾಡಿಯಾದರೆ ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಬಿಸಿ ಮಾಡಿ, ನೃಪತುಂಗ ಬೆಟ್ಟದ ಏರಿನಲ್ಲಿ ರಿವರ್ಸ್ ಹಾಕಿ ನಿಧಾನ ಹಿಂದಕ್ಕೆ ಏರಿಸಿ. ಕೆಡುತ್ತಿರುವ ಕ್ಲಚ್ ಅಲ್ಲಿ ನಡುಗದೆ ಇರುವುದಿಲ್ಲ. ಇಷ್ಟೂ ಪಾಸಾದರೆ ಮಾತ್ರ ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ದು ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 10ರೊಳಗೆ ಇರಲಿ.

ಕೊಂಡ ಮೇಲೆ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ನೋ ಕ್ಲೇಮ್ ಬೋನಸ್ ಹಳೇ ಮಾಲೀಕರದ್ದು, ಗಾಡಿಯ ಜೊತೆ ಬರುವುದಿಲ್ಲ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್, ಪ್ಲಗ್ಗು ಒಂದೇ ದಿನ ಹೊಸದು ಮಾಡಿಸಿ. ಊರೊಳಗಿನ ಓಟಕ್ಕೆ ಎಂಜಿನ್ ಆಯಿಲ್ 15,000 ಕಿ.ಮೀ.ವರೆಗೆ ಎಳೆಯದೆ 7,500ಕ್ಕೇ ಬದಲಿಸಿದರೆ ಟರ್ಬೊ ಬಾಳುತ್ತದೆ.

ಪ್ರಶ್ನೆ: ಈಗಿನ ಶೇ 20 ಎಥನಾಲ್ ಪೆಟ್ರೋಲಿನಿಂದ 2016ರ ಟರ್ಬೊ ಗಾಡಿ ಹಾಳಾಗುತ್ತದೆಯೇ? ಎವರೇಜ್ ಎಷ್ಟು ಬೀಳಬಹುದು?
– ಮಾಳಮಡ್ಡಿ, ಧಾರವಾಡ

ಉತ್ತರ: ಒಮ್ಮೆಗೇ ಹಾಳಾಗುವುದಿಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಶೇ 10ರ ಮಿಶ್ರಣಕ್ಕಿಂತ ಶೇ 3ರಿಂದ 4ರಷ್ಟು ಎವರೇಜ್ ಇಳಿಯುವುದು ಲೆಕ್ಕಕ್ಕೆ ಸರಿ. ಆಕ್ಟೇನ್ 95 ಇರುವುದರಿಂದ ಟರ್ಬೊ ಎಂಜಿನ್ ನಾಕಿಂಗ್ (ಒಳಗೆ ಕಟಕಟ ಬಡಿತ) ಮಾಡುವುದಿಲ್ಲ, ಅದು ಲಾಭವೇ. ತೊಂದರೆ ಇರುವುದು ರಬ್ಬರಿನಲ್ಲಿ. ಹಳೆಯ ಪೆಟ್ರೋಲ್ ಪೈಪು, ಸೀಲು ಗಟ್ಟಿಯಾಗಿ ಬಿರಿಯಬಹುದು. ವರ್ಷಕ್ಕೊಮ್ಮೆ ಅವನ್ನು ನೋಡಿಸಿ, ಹಿಂದಿನ ಸೀಟಿನ ಬಳಿ ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ಗ್ಯಾರೇಜಿಗೆ ಒಯ್ಯಿರಿ. ಎಥನಾಲ್ ನೀರು ಹೀರುತ್ತದೆ, ಆದ್ದರಿಂದ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಬಿಡಬೇಡಿ.

ಪ್ರಶ್ನೆ: ರೀಮ್ಯಾಪ್ ಮಾಡಿಸಿದ (ಎಂಜಿನ್ ಸಾಫ್ಟ್‌ವೇರ್ ತಿದ್ದಿ ಬಲ ಏರಿಸಿದ), ಸೈಲೆನ್ಸರ್ ಬದಲಿಸಿದ ಪೋಲೊ ಜಿಟಿ ಟಿಎಸ್‌ಐ ಸಿಕ್ಕಿದೆ. ಪಿಕಪ್ ಭಯಂಕರ ಇದೆ. ತೆಗೆದುಕೊಳ್ಳಲೇ?
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: 1.2 ಟಿಎಸ್‌ಐ ಕಂಪನಿಯಿಂದ ಬಂದಾಗ ಅದರ ಟಾರ್ಕ್ 175 ನ್ಯೂಟನ್ ಮೀಟರ್. ಮೇಲೆ ಹೇಳಿದ ಡಿಕ್ಯೂ200 ತಾಳುವುದು 250. ರೀಮ್ಯಾಪ್ ಮಾಡಿದವರು ಈ ನಡುವಿನ ಅಂತರವನ್ನೇ ತಿಂದಿರುತ್ತಾರೆ, ಕ್ಲಚ್ ಅಷ್ಟು ಬೇಗ ಸವೆಯುತ್ತದೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದ ಬದಲಾವಣೆಯಿಂದ ಕ್ಲೇಮ್ ತಿರಸ್ಕಾರವಾಗುವ ಅಪಾಯವೂ ಇದೆ, ಜೋರು ಸದ್ದಿನ ಸೈಲೆನ್ಸರಿಗೆ ಪೊಲೀಸರ ದಂಡ ಬೇರೆ. ದಿನದ ಓಟಕ್ಕೆ ಇಂಥದ್ದು ಬೇಡ. ಗಾಡಿ ಉಳಿದೆಲ್ಲ ರೀತಿಯಲ್ಲಿ ಚೊಕ್ಕವಾಗಿದ್ದರೆ, ಮಾರುವವರ ಖರ್ಚಿನಲ್ಲೇ ಕಂಪನಿಯ ಮೂಲ ಸಾಫ್ಟ್‌ವೇರ್ ಹಾಕಿಸಿ, ಒಂದು ವಾರ ಬಿಟ್ಟು ಮತ್ತೆ ಓಡಿಸಿ ನೋಡಿ. ಮೂಲ ಸೈಲೆನ್ಸರ್ ಅವರ ಮನೆಯಲ್ಲೇ ಇದ್ದರೆ ದುಡ್ಡು ಎಣಿಸುವ ಮೊದಲು ಅದನ್ನು ಡಿಕ್ಕಿಗೆ ಹಾಕಿಸಿಕೊಳ್ಳಿ.