ಪಂಚನಾಮೆಯಲ್ಲಿ ಇಲ್ಲದ ಓಣಿ

ದಾಖಲೆ ಕಾಪಾಡಲು ಇಲಾಖೆಗಳಿರುವಾಗ ಅದರಲ್ಲಿ ಕಲಾವಿದರಿಗೇನು ಕೆಲಸ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆಯ ನವನಗರದಲ್ಲಿ ಚಿತ್ರಕಲೆ ಕಲಿಸುವವನು. ನಮ್ಮ ಅಜ್ಜನ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಪಾಲಾಯಿತು.

ಪರಿಹಾರಕ್ಕೆಂದು ಸರ್ಕಾರದವರು ಆ ಮನೆಯ ಬೆಲೆ ಕಟ್ಟಿ ಬರೆದ ಪಂಚನಾಮೆಯ ಪ್ರತಿ ಇನ್ನೂ ಟ್ರಂಕಿನಲ್ಲಿದೆ. ಮಣ್ಣಿನ ಗೋಡೆ ಇಷ್ಟು ಅಡಿ, ಸಾಗವಾನಿ ಬಾಗಿಲು ಎರಡು, ಹಗೇವು (ಕಾಳು ತುಂಬಿಡುವ ನೆಲಗುಂಡಿ) ಒಂದು. ಅಜ್ಜನ ಹೆಸರಿದೆ, ಅಜ್ಜಿಯದು ಎಲ್ಲೂ ಇಲ್ಲ. ಬೆಲೆ ಕಟ್ಟಲು ಬಂದವರು ಬೆಲೆ ಕಟ್ಟಬಹುದಾದದ್ದನ್ನಷ್ಟೇ ಬರೆದುಕೊಂಡರು. ಅವರ ಕೆಲಸವೇ ಅದು. ಆದರೆ ನಮ್ಮ ಓಣಿಯ ಬಗ್ಗೆ ಬರವಣಿಗೆಯಲ್ಲಿ ಉಳಿದಿರುವುದು ಅಂಥ ಕಾಗದಗಳು ಮಾತ್ರ.

ಎರಡು ವರ್ಷದ ಹಿಂದೆ, ಹೋಳಿ ಹತ್ತಿರ ಬಂದಾಗ, ಓಣಿಯ ಹಿರಿಯರನ್ನು ಮನೆಗೆ ಕರೆದೆ. ಪಡಸಾಲೆಯಲ್ಲಿ ಕೋರಾ ಬಟ್ಟೆ ಹಾಸಿ, ಕೈಗೆ ಇದ್ದಲು ಕೊಟ್ಟು, ‘ಓಣಿ ಬರೆಯಿರಿ’ ಎಂದೆ. ಗಂಡಸರು ಗುಡಿ, ಅಗಸಿ, ಕಾಮಣ್ಣನನ್ನು ಸುಡುತ್ತಿದ್ದ ಜಾಗ ಬರೆದರು. ಹೆಂಗಸರು ಸುಮ್ಮನಿದ್ದರು. ಕೊನೆಗೆ ಅಜ್ಜಿ ಇದ್ದಲು ಎತ್ತಿಕೊಂಡು ನೀರು ತರುತ್ತಿದ್ದ ದಾರಿ ಎಳೆದಳು: ಯಾರ ಹಿತ್ತಲು ಹಾದು, ಯಾವ ಕಟ್ಟೆ ಬಳಸಿ ಹೋಗುತ್ತಿದ್ದರು, ಯಾವ ಬಾವಿಗೆ ಯಾರು ಕೊಡ ಇಳಿಸುವಂತಿರಲಿಲ್ಲ ಎಂಬುದೂ ಬಂತು. ‘ಅದೆಲ್ಲ ಈಗ ಯಾಕೆ?’ ಎಂದು ಹಿರಿಯರೊಬ್ಬರು ಆ ಬಾವಿಯನ್ನು ಅಂಗೈಯಿಂದ ಒರೆಸಿದರು. ಬಟ್ಟೆಗೆ ಹತ್ತಿದ ಇದ್ದಲು ಒರೆಸಿದರೆ ಹೋಗುವುದಿಲ್ಲ, ಹರಡುತ್ತದೆ. ನಕ್ಷೆಯಲ್ಲಿ ಎಲ್ಲಕ್ಕಿಂತ ಕಪ್ಪಾಗಿ ಕಾಣುವುದು ಈಗ ಅದೇ. ಅಧಿಕಾರ ಕಚೇರಿಯಲ್ಲಷ್ಟೇ ಇರುತ್ತದೆ ಎಂದುಕೊಂಡಿದ್ದ ನನಗೆ ಅವತ್ತು ನಮ್ಮ ಪಡಸಾಲೆಯಲ್ಲೂ ಕಂಡಿತು.

ಯಾರು ಹೇಳಿದ್ದು ದಾಖಲೆಯಾಗಿ ಉಳಿಯಬೇಕು ಎಂಬುದು ಹೊಸ ಜಗಳವೇನಲ್ಲ. ನಮ್ಮದೇ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರಿಗೆ ಆಯುಧ ಒಪ್ಪಿಸಲು ಒಲ್ಲೆವೆಂದರು. ಸರ್ಕಾರಕ್ಕೆ ಅವರು ದಂಗೆಕೋರರು. ಅವರ ಮೇಲೆ ಕಟ್ಟಿದ ಲಾವಣಿಯಲ್ಲಿ ಅವರಿಗೆ ಹೆಸರುಗಳಿವೆ: ಹನುಮ, ಬಾಲ, ಜಡಗ, ರಾಮ. ತಮಾಷೆಯೆಂದರೆ ಆ ಲಾವಣಿಯನ್ನು 1880ರ ದಶಕದಲ್ಲಿ ಅಚ್ಚು ಹಾಕಿಸಿದವರು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಹಾಡು ಕೂಡ ಸಾಹೇಬರ ಮೇಜು ಹಾದೇ ಪುಸ್ತಕ ಸೇರಿತು!

ಬಟ್ಟೆಗೆ ಗಾಜಿನ ಚೌಕಟ್ಟು ಹಾಕಿಸೋಣ ಎಂದೆ. ಅಜ್ಜಿ ಒಪ್ಪಲಿಲ್ಲ, ಮಡಚಿ ಇಟ್ಟು ಪ್ರತಿ ಹೋಳಿಗೆ ಹಾಸಬೇಕಂತೆ, ಬಿಟ್ಟುಹೋದದ್ದನ್ನು ಸೇರಿಸಬೇಕಂತೆ. ಹಾಗೇ ನಡೆದಿದೆ.

ಈಗ ಆಲಮಟ್ಟಿ ಜಲಾಶಯದಲ್ಲಿ ನೀರು ನಿಲ್ಲಿಸುವ ಗರಿಷ್ಠ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ಅದನ್ನು 524.256ಕ್ಕೆ ಏರಿಸಲು ಒಪ್ಪಿದೆ. ನೀರು ಅಲ್ಲಿಗೆ ಏರಿದರೆ ಮುಳುಗುವ ಕಡೆಯವರು ಆಗಾಗ ಬಂದು, ‘ನಮ್ಮದನ್ನೂ ಬರೆದುಕೊಡಿ ಸರ್’ ಎನ್ನುತ್ತಾರೆ. ನಾನು ಬರೆದುಕೊಡುವುದಿಲ್ಲ. ಬಟ್ಟೆ, ಇದ್ದಲು ಕೊಟ್ಟು, ಮೊದಲು ಹೆಂಗಸರ ಕೈಗೆ ಕೊಡಿ ಎಂದು ಹೇಳಿ ಕಳಿಸುತ್ತೇನೆ.