ರಕ್ತ ತೆಗೆಯುವಾಗ ಕೈ ತಾನಾಗಿ ಸೆಳೆದುಕೊಳ್ಳುವುದು

ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದ ಕೂಡಲೇ ಕೈ ತಾನಾಗಿ ಸೆಳೆಯುತ್ತದೆ, ನೋವೂ ವಿಪರೀತ, ಏಕೆ ಎಂದು ಕೇಳಿದ್ದೀರಿ. ಇದಕ್ಕೆ ಬಹುಪಾಲು ಕಾರಣ ಸೂಜಿಗಾಗಿ ಕಾಯುವ ಹೊತ್ತಿನ ಆತಂಕ. ಮನೋಬಲದ ಕೊರತೆ ಖಂಡಿತ ಅಲ್ಲ. ಚುಚ್ಚಿದಾಗ ಕೈ ಸೆಳೆಯುವ ರಿಫ್ಲೆಕ್ಸ್ (ಯೋಚಿಸದೆ ತಾನಾಗಿ ಆಗುವ ಪ್ರತಿಕ್ರಿಯೆ) ನಡೆಯುವುದು ಬೆನ್ನುಹುರಿಯಲ್ಲಿ, ಆದರೆ ಅದರ ಜೋರನ್ನು ಮಿದುಳು ಮೇಲಿನಿಂದ ಏರಿಳಿಸುತ್ತದೆ. ಪ್ರಯೋಗಗಳಲ್ಲಿ ಒಂದೇ ಪ್ರಮಾಣದ ವಿದ್ಯುತ್ ಆಘಾತ ಕೊಟ್ಟರೂ, ಅಹಿತಕರ ಚಿತ್ರ ನೋಡುವಾಗ ನೋವೂ ಸ್ನಾಯುವಿನ ಸೆಳೆತವೂ ಹೆಚ್ಚುತ್ತವೆ. ಹಿತವಾದ ಚಿತ್ರ ನೋಡುವಾಗ ಎರಡೂ ತಗ್ಗುತ್ತವೆ. ಸೂಜಿ ತಾಗುವ ಮುಂಚೆಯೇ ಸೆಳೆದರೆ ಮಾತ್ರ ಅದು ಈ ರಿಫ್ಲೆಕ್ಸ್ ಅಲ್ಲ, ಬರೀ ಭಯದ ಚಲನೆ. ನಿಮ್ಮದು ಎರಡರ ಬೆರಕೆಯೂ ಇರಬಹುದು.

ಮೊದಲು ವೈದ್ಯರನ್ನು ಕೇಳಿ ಚರ್ಮವನ್ನು ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಮುಲಾಮು ತನ್ನಿ. ಪರೀಕ್ಷೆಗೆ 60 ನಿಮಿಷ ಮುಂಚೆ ಮೊಣಕೈ ಒಳಮಡಿಕೆಗೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹೊದಿಕೆಯಿಂದ ಮುಚ್ಚಿ. ಹತ್ತು ನಿಮಿಷಕ್ಕೇ ಒರೆಸಿಬಿಟ್ಟು 'ಕೆಲಸ ಮಾಡಲಿಲ್ಲ' ಅನ್ನಬೇಡಿ. ಕೈ ಸೆಳೆಯುತ್ತದೆಂದು ರಕ್ತ ತೆಗೆಯುವವರಿಗೆ ಮೊದಲೇ ಹೇಳಿ, ಕೈಗೆ ಗಟ್ಟಿ ಆಸರೆ ಕೇಳಿ. ಹಿಂದೆ ತಲೆಸುತ್ತು ಬಂದಿದ್ದರೆ ಮಲಗಿಕೊಂಡೇ ಕೊಡಿ. ಮುಖ ತಿರುಗಿಸಿ, ಇಷ್ಟದ ವಿಡಿಯೊ ನೋಡುತ್ತಿರಿ, ಉಸಿರನ್ನು ನಿಧಾನವಾಗಿ ಹೊರಬಿಡಿ. ಹಲ್ಲು ಕಚ್ಚಿ ತಡೆದುಕೊಳ್ಳಬೇಡಿ. ಮೈ ಬಿಗಿ ಹಿಡಿದಷ್ಟೂ ಗಮನವೆಲ್ಲ ಅಲ್ಲೇ ನೆಡುತ್ತದೆ.

ಆ ಜಾಗಕ್ಕೆ ಬಟ್ಟೆ ಸೋಕಿದರೂ ನೋಯುತ್ತದಾದರೆ ಆತಂಕವೊಂದೇ ಕಾರಣವಾಗಿರಲಿಕ್ಕಿಲ್ಲ, ನರದ ತೊಂದರೆ ಇದೆಯೇ ಎಂದು ವೈದ್ಯರಿಗೆ ತೋರಿಸಿ.