‘ನಿಮ್ಮನ್ನಲ್ಲ ನಾನು ಹೇಳಿದ್ದು’

“ಅಕ್ಕಾ, ಡಬ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ. ಆದರೆ ಅಲ್ಲಿ ಭಾರತೀಯರಿಗೆ ಹೊಡೆಯುತ್ತಾರಂತೆ, ‘ಐರ್ಲೆಂಡ್ ಐರಿಷರಿಗೆ’ ಅಂತ ಮೆರವಣಿಗೆ ಮಾಡುತ್ತಾರಂತೆ. ಮುಂದಿನ ಎಲೆಕ್ಷನ್‌ನಲ್ಲಿ ಅವರೇ ಗೆದ್ದರೆ ನಮ್ಮನ್ನು ಓಡಿಸುತ್ತಾರಾ? ಹೆಂಡತಿ, ಮಗುವನ್ನು ಕರೆದುಕೊಂಡು ಬರಬಹುದಾ?” ಅಂತ ಕೇಳಿದ್ದೀರಿ.

ಬನ್ನಿ. ಆದರೆ ಸ್ವಲ್ಪ ವಿಷಯ ತಿಳಿದುಕೊಂಡು ಬನ್ನಿ.

ನೀವು ಕೇಳಿದ್ದು ಸುಳ್ಳು ಸುದ್ದಿಯಲ್ಲ. 2025ರ ಜುಲೈನಲ್ಲಿ ಡಬ್ಲಿನ್‌ನ ಟಾಲಾ ಕಡೆ ಒಬ್ಬ ಭಾರತೀಯನನ್ನು ಹುಡುಗರ ಗುಂಪು ಕ್ರೂರವಾಗಿ ಹೊಡೆಯಿತು. ಆಮೇಲೆ ಇನ್ನೂ ಕೆಲವು ಹಲ್ಲೆಗಳಾದವು. ಎಚ್ಚರದಿಂದಿರಿ ಎಂದು ನಮ್ಮ ರಾಯಭಾರ ಕಚೇರಿ ಪ್ರಕಟಣೆ ಕೊಟ್ಟಿತು. ಫೀನಿಕ್ಸ್ ಪಾರ್ಕ್‌ನಲ್ಲಿ ಆಗಬೇಕಿದ್ದ ಇಂಡಿಯಾ ಡೇ ಮುಂದಕ್ಕೆ ಹೋಯಿತು. ಆ ಆಗಸ್ಟ್‌ನಲ್ಲಿ ನಾನೂ ಸಂಜೆ ವಾಕಿಂಗ್ ಬಿಟ್ಟಿದ್ದೆ. 16 ವರ್ಷದಲ್ಲಿ ಅದೇ ಮೊದಲು.

ನಾನಿರುವುದು ಮೀತ್ ಕೌಂಟಿಯ ನ್ಯಾವನ್‌ನಲ್ಲಿ. ನಮ್ಮ ಪಕ್ಕದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ನಾವು ಊರಿಗೆ ಹೊರಟಾಗಲೆಲ್ಲ ಏರ್‌ಪೋರ್ಟಿಗೆ ಬಿಡುವವರು ಅವರೇ. ನಾನು ಕೊಡುವ ಚಿತ್ರಾನ್ನಕ್ಕೆ ‘ಹಳದಿ ಅನ್ನ’ ಅಂತ ಹೆಸರಿಟ್ಟಿದ್ದಾರೆ. ಅದೇ ಮನುಷ್ಯ, ಹತ್ತಿರದ ಒಂದು ಹೋಟೆಲಿನಲ್ಲಿ ಆಶ್ರಯ ಕೋರಿ ಬಂದವರನ್ನು ಇರಿಸುತ್ತಾರಂತೆ ಅಂದಾಗ ವಿರೋಧ ಸಭೆಗೆ ಹೋಗಿ ಬಂದರು. ಬಂದವರು ಬೇಲಿ ಹತ್ತಿರ ನಿಂತು, “ನಿಮ್ಮನ್ನಲ್ಲ ನಾನು ಹೇಳಿದ್ದು. ನೀವು ದುಡಿಯುವವರು” ಅಂದರು.

ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಅವರ ಸಿಟ್ಟು ನಿಜ. ಮಗ ಆಸ್ಟ್ರೇಲಿಯಾದಲ್ಲಿದ್ದಾನೆ, ಇಲ್ಲಿ ಮನೆ ಕೊಳ್ಳಲಾಗದೆ ಹೋದ. ಊರಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಅದೆಲ್ಲ ನನಗೂ ಗೊತ್ತು. ಬೆಂಗಳೂರಿನಲ್ಲಿ ಕನ್ನಡವೇ ಕೇಳಿಸುತ್ತಿಲ್ಲ ಎಂದು ನಾವೂ ಗೊಣಗುತ್ತೇವೆ, ಅಲ್ವಾ? ಆದರೆ ರಸ್ತೆಯಲ್ಲಿ ಕಲ್ಲು ತೂರುವ ಹುಡುಗ ನನ್ನ ಪರ್ಮಿಟ್ ಯಾವುದು, ಟ್ಯಾಕ್ಸ್ ಎಷ್ಟು ಕಟ್ಟಿದ್ದೀನಿ ಅಂತ ನೋಡಿ ತೂರುವುದಿಲ್ಲ. ಅದಕ್ಕೇ ‘ಅವರು ಬೇರೆ, ನಾವು ಬೇರೆ’ ಅನ್ನುವ ನಮ್ಮವರನ್ನು ಕಂಡರೆ ನನಗೆ ರೇಗುತ್ತದೆ. ಆಶ್ರಯ ಕೋರಿದವರಿಗೆ ಸರ್ಕಾರ ಮನೆ, ಕಾರು ಕೊಡುತ್ತದೆ ಎಂಬ ವಾಟ್ಸ್ಯಾಪ್ ಕಥೆಗಳನ್ನೂ ನಂಬಬೇಡಿ. ಸರ್ಕಾರದ ವಸತಿಯಲ್ಲಿರುವ ದೊಡ್ಡವರಿಗೆ ವಾರಕ್ಕೆ ಬರುತ್ತಿದ್ದದ್ದು 38 ಯೂರೋ 80 ಸೆಂಟ್.

ಇಲ್ಲಿ ‘ನ್ಯಾಷನಲಿಸ್ಟ್’ ಪದಕ್ಕೆ ಎರಡು ಮುಖ. ಹಳೆಯದು, ಬ್ರಿಟಿಷರಿಂದ ಬಿಡುಗಡೆ ಬೇಕು, ನಮ್ಮ ಭಾಷೆ ಉಳಿಯಬೇಕು ಎಂದವರದು. ಕುವೆಂಪು ಇಂಗ್ಲಿಷ್ ಕವಿತೆ ತೋರಿಸಿದಾಗ ‘ನಿಮ್ಮ ಭಾಷೆಯಲ್ಲಿ ಬರೆಯಿರಿ’ ಎಂದ ಜೇಮ್ಸ್ ಕಸಿನ್ಸ್ ನೆನಪಿದ್ದಾರಲ್ಲ, ಬೆಲ್‌ಫಾಸ್ಟ್‌ನವರು, ಆ ಕಾಲದ ಗಾಳಿಯಲ್ಲೇ ಬೆಳೆದವರು. ಇನ್ನೊಂದು ಮುಖ ಈಗಿನದು. ‘ಐರ್ಲೆಂಡ್ ಭರ್ತಿಯಾಗಿದೆ’ ಅನ್ನುತ್ತದೆ. 2023ರ ನವೆಂಬರ್ 23ರಂದು ಡಬ್ಲಿನ್‌ನಲ್ಲಿ ಶಾಲೆಯ ಹೊರಗೆ ಮಕ್ಕಳಿಗೆ ಚಾಕು ಹಾಕಿದವನು ವಲಸಿಗ ಅಂತ ಸುದ್ದಿ ಹಬ್ಬಿದ ಮೇಲೆ ಬಸ್ಸು, ಟ್ರಾಮ್ ಸುಟ್ಟದ್ದು ಈ ಗಾಳಿಯಲ್ಲಿ. ತಮಾಷೆ ಏನೆಂದರೆ, ಬ್ರಿಟನ್ ಕೈಯಲ್ಲಿರುವ ಉತ್ತರ ಭಾಗವೂ ಸೇರಿ ಒಂದೇ ಐರ್ಲೆಂಡ್ ಆಗಬೇಕು ಅಂತಲೇ ಇರುವ ಶಿನ್ ಫೇನ್ ಪಕ್ಷವನ್ನೇ ಇವರು ದ್ರೋಹಿಗಳು ಅಂತ ಕೂಗುತ್ತಾರೆ. ಭರ್ತಿಯಾಗಿದೆ ಅನ್ನುವ ಮಾತಿಗೆ ಒಂದು ಲೆಕ್ಕ ಹೇಳುತ್ತೇನೆ: 1841ರಲ್ಲಿ, ಆಲೂಗಡ್ಡೆ ಬರಕ್ಕೆ ಮೊದಲು, ಈ ದ್ವೀಪದಲ್ಲಿ 80 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಈಗಲೂ ಅಷ್ಟಿಲ್ಲ.

ಎಲೆಕ್ಷನ್ ವಿಷಯ. 2024ರ ಜೂನ್‌ನ ಸ್ಥಳೀಯ ಚುನಾವಣೆಯಲ್ಲಿ ವಲಸೆ ವಿರೋಧಿಗಳು ಬೆರಳೆಣಿಕೆಯಷ್ಟು ಗೆದ್ದರು. ಅದೇ ನವೆಂಬರ್‌ನ ಮಹಾಚುನಾವಣೆಯಲ್ಲಿ ಕಡು ಬಲಪಂಥದ ಪಕ್ಷಗಳಿಗೆ ಸೀಟೇ ಇಲ್ಲ. ಇಲ್ಲಿ ಒಬ್ಬರಿಗೆ ಮಾತ್ರ ಗುರುತು ಹಾಕುವುದಲ್ಲ. 1, 2, 3 ಅಂತ ಇಷ್ಟದ ಕ್ರಮದಲ್ಲಿ ನಂಬರ್ ಬರೆಯಬೇಕು. ಬೇರೆಯವರ ಮತದಾರರಿಂದ 2, 3 ಬರದಿದ್ದರೆ ಗೆಲ್ಲುವುದು ಕಷ್ಟ. ಬರೀ ಬೈದುಕೊಂಡು ತಿರುಗುವವರಿಗೆ ಅದು ಸಿಗುವುದಿಲ್ಲ. ಹಾಗಂತ ನಿಶ್ಚಿಂತೆ ಬೇಡ. ಓಡಿಸುವವರು ಗೆಲ್ಲದಿದ್ದರೂ ಅವರ ಗದ್ದಲ ಕೇಳಿ ದೊಡ್ಡ ಪಕ್ಷಗಳೇ ನಿಯಮ ಬಿಗಿ ಮಾಡುತ್ತಿವೆ.

ನಮ್ಮವರು ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕಲು ಪೌರತ್ವ ಬೇಡ. ಇಲ್ಲಿ ವಾಸವಿದ್ದು, 18 ತುಂಬಿ, ಹೆಸರು ನೋಂದಾಯಿಸಿದ್ದರೆ ಸಾಕು. ನನಗೂ ಗೊತ್ತಾದದ್ದು ಬಾಗಿಲಿಗೆ ಬಂದ ಒಬ್ಬ ಅಭ್ಯರ್ಥಿಯಿಂದ. “ನನಗೆ ವೋಟಿಲ್ಲ, ನಿಮ್ಮ ಟೈಮ್ ಯಾಕೆ ಹಾಳು” ಅಂದೆ. “ಇದೆಯಲ್ಲ!” ಅಂದರು ಆಕೆ, ಮಳೆಯಲ್ಲಿ ನೆನೆಯುತ್ತಾ. ಅಲ್ಲಿಯವರೆಗೆ ಒಂದು ಚುನಾವಣೆ ಸುಮ್ನೆ ಕಳೆದಿದ್ದೆ. ನಿಮಗೆ ಪಿಪಿಎಸ್ ನಂಬರ್ (ಟ್ಯಾಕ್ಸ್, ಸರ್ಕಾರಿ ಸೇವೆಗೆ ಬೇಕಾಗುವ ಇಲ್ಲಿನ ಗುರುತಿನ ಸಂಖ್ಯೆ) ಬಂದ ವಾರವೇ ಹೆಸರು ಸೇರಿಸಿ.

ಇನ್ನು ಪುರಾತನ ಪರಂಪರೆ. ಮೆರವಣಿಗೆಯವರು ‘ನಮ್ಮ ಪೂರ್ವಜರ ನೆಲ’ ಅಂತ ಹೇಳುವಾಗ ತಾರಾ ಗುಡ್ಡವನ್ನೋ ನ್ಯೂಗ್ರೇಂಜನ್ನೋ ಎಳೆದು ತರುತ್ತಾರೆ. ಎರಡೂ ನಮ್ಮ ಕೌಂಟಿಯಲ್ಲೇ ಇವೆ. ತಾರಾ ಹಳೆಯ ರಾಜರ ಗುಡ್ಡ. 1899ರಿಂದ ಕೆಲವು ಇಂಗ್ಲಿಷರು ಬೈಬಲಿನಲ್ಲಿ ಬರುವ, ದೇವರ ಆಜ್ಞೆಗಳನ್ನಿಟ್ಟ ಒಡಂಬಡಿಕೆ ಪೆಟ್ಟಿಗೆ ಇಲ್ಲೇ ಹೂತಿದೆ ಅಂತ ಅಗೆಯಲು ಶುರು ಮಾಡಿ, ಕವಿ ಯೇಟ್ಸ್ ಮುಂತಾದವರು ಜಗಳಕ್ಕೆ ಬಂದ ಮೇಲೆಯೇ ನಿಂತದ್ದು! ನ್ಯೂಗ್ರೇಂಜ್ ಅಂದರೆ ದೊಡ್ಡ ದಿಬ್ಬದೊಳಗೆ ಕಲ್ಲಿನಲ್ಲಿ ಕಟ್ಟಿದ ಸಮಾಧಿ. ಅದು ಇನ್ನೂ ಹಳೆಯದು, ಸುಮಾರು 5,200 ವರ್ಷದ್ದು, ಗೀಜಾದ ಪಿರಮಿಡ್‌ಗಳಿಗಿಂತ ಮುಂಚಿನದು. ಡಿಸೆಂಬರ್ 21ರ ಆಸುಪಾಸು ಬೆಳಗಿನ ಬಿಸಿಲು ಬಾಗಿಲ ಮೇಲಿನ ಕಿಂಡಿಯಿಂದ ಒಳಗಿನ ಗರ್ಭಗುಡಿಯಂಥ ಕೋಣೆಗೆ ಹರಿದು, 17 ನಿಮಿಷ ಇದ್ದು ಹೋಗುತ್ತದೆ. ಗವಿ ಗಂಗಾಧರೇಶ್ವರನ ಸಂಕ್ರಾಂತಿ ನೋಡಿದವರಿಗೆ ಅದು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ.

ಹಳೆಯ ಮೂಳೆಗಳ ಡಿಎನ್‌ಎ ಪರೀಕ್ಷೆ ಮಾಡಿದವರು ಹೇಳುವಂತೆ, ಇದನ್ನು ಕಟ್ಟಿದ ರೈತರ ಬೇರು ಇಂದಿನ ಟರ್ಕಿ ಕಡೆಯದು. ಈಗಿನ ಐರಿಷರ ವಂಶವಾಹಿಯ ದೊಡ್ಡ ಪಾಲು ಅವರಾದ ಮೇಲೆ, ಕಂಚಿನ ಯುಗದಲ್ಲಿ ಬಂದ ಬೇರೆ ಜನರದು. ಒಂದು ಸಂಜೆ ಇದನ್ನು ಪಕ್ಕದ ಮನೆಯವರಿಗೆ ಹೇಳಿದೆ. ಸಿಟ್ಟಾಗುತ್ತಾರೇನೋ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, “ಹಾಗಾದರೆ ಅವರಿಗೆ ಕಟ್ಟಲು ಪ್ಲಾನಿಂಗ್ ಪರ್ಮಿಷನ್ ಬೇಗ ಸಿಕ್ಕಿರಬೇಕು” ಅಂದರು.

ಆ ಬಿಸಿಲು ನೋಡಲು ಒಳಗೆ ಬಿಡುವುದು ಲಾಟರಿ ಎತ್ತಿ. ನಾನೂ ಅವರೂ ಪ್ರತಿ ವರ್ಷ ಹೆಸರು ಹಾಕುತ್ತೇವೆ, ಇಬ್ಬರಿಗೂ ಬಂದಿಲ್ಲ.